ಜಪಾನಿನ ಭದ್ರತಾ ನೀತಿಗೆ ಅಮೆರಿಕದ ಒತ್ತಡ, ಚೀನಾದ ಭಯ ಇವೆರಡೇ ಕಾರಣ ಅಂತ ಥೀಸಿಸ್ ಬರೆದರೆ ಸಾಕಾ?

ಸಾಲದು. ಎಂ.ಫಿಲ್‌ನಲ್ಲಿ ನಾನೂ ಇದೇ ವಾದ ಇಟ್ಟುಕೊಂಡು ಹೊರಟಿದ್ದೆ. 1951ರ ಅಮೆರಿಕ-ಜಪಾನ್ ಭದ್ರತಾ ಒಪ್ಪಂದದಿಂದ ಶುರು, ಚೀನಾದ ನೌಕಾಪಡೆಯಲ್ಲಿ ಮುಕ್ತಾಯ. ಮಧ್ಯೆ ಜಪಾನಿನ ನಾಯಕರು ಆಡಿದ್ದೆಲ್ಲ ಸುಮ್ನೆ ಬಾಯಿಮಾತು ಅಂದುಕೊಂಡು ಅಡಿಟಿಪ್ಪಣಿಗೆ ತಳ್ಳಿದ್ದೆ. ಎಡವಿದ್ದು ಅಲ್ಲೇ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. 1974ರಲ್ಲಿ ಜಪಾನಿನ ಪ್ರಧಾನಿ ತನಾಕಾ ಇಂಡೋನೇಷ್ಯಾದ ಜಕಾರ್ತಾಕ್ಕೆ ಹೋದಾಗ ಜಪಾನ್ ವಿರುದ್ಧ ದೊಡ್ಡ ಗಲಭೆಯಾಗಿ ಜಪಾನಿ ಕಾರುಗಳಿಗೆ ಬೆಂಕಿ ಬಿತ್ತು. 1977ರಲ್ಲಿ ಆಗಿನ ಪ್ರಧಾನಿ ಫುಕುಡಾ ಫಿಲಿಪೈನ್ಸ್‌ನ ಮನಿಲಾದಲ್ಲಿ ನಿಂತು ಆಗ್ನೇಯ ಏಷ್ಯಾದ ದೇಶಗಳಿಗೆ, ಜಪಾನ್ ಸೇನಾಶಕ್ತಿ ಆಗುವುದಿಲ್ಲ, ನಿಮ್ಮ ಜೊತೆ ಸಮಾನರಾಗಿ ಇರುತ್ತೇವೆ ಅಂದರು. ನೆರೆಯವರು ನಮಗೆ ಹೆದರಬಾರದು ಅನ್ನುವ ಈ ಯೋಚನೆಯನ್ನು ನಾನು ಒಂದೇ ಸಾಲಲ್ಲಿ ಮುಗಿಸಿದ್ದೆ. ಆದರೆ 1991ರಲ್ಲಿ ವಿದೇಶಾಂಗ ಸಚಿವ ನಕಯಾಮಾ, ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ) ಜೊತೆ ಎಲ್ಲರೂ ಕೂತು ಭದ್ರತೆ ಬಗ್ಗೆ ಮಾತಾಡೋಣ ಅಂದಿದ್ದೂ ಅದೇ ಯೋಚನೆಯಿಂದ. ಅಮೆರಿಕ ಉತ್ಸಾಹ ತೋರಿಸಲಿಲ್ಲ, ಆದರೂ ಜಪಾನ್ ಆ ಪ್ರಸ್ತಾಪ ಇಟ್ಟಿತು. ಅಮೆರಿಕ ಹೇಳಿದಂತೆ ನಡೆಯುವ ದೇಶ ಹಾಗೇಕೆ ಮಾಡಿತು ಅಂತ ವೈವಾದಲ್ಲಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಧ ಥೀಸಿಸ್ ತಿರುಗಿ ಬರೆಯುವಷ್ಟರಲ್ಲಿ ಫೆಲೋಶಿಪ್ಪೂ ಮುಗಿದಿತ್ತು.

ರಿಯಲಿಸಂ (ದೇಶಗಳನ್ನು ನಡೆಸುವುದು ಬಲ ಮತ್ತು ಭಯ ಅನ್ನುವ ಥಿಯರಿ) ಹಿಡಿಯಲಾ, ಕನ್‌ಸ್ಟ್ರಕ್ಟಿವಿಸಂ (ಯೋಚನೆ, ಇತಿಹಾಸ, ಗುರುತು ಕೂಡ ನಡೆಸುತ್ತವೆ ಅನ್ನುವುದು) ಹಿಡಿಯಲಾ ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ಬಿಡಿ, ಮೊದಲು ಒಂದು ಘಟನೆ ಹಿಡಿಯಿರಿ. ಕಡಲ್ಗಳ್ಳತನ ತಗೊಳ್ಳಿ. 1999ರಲ್ಲಿ ಅಲೊಂಡ್ರಾ ರೇನ್‌ಬೋ ಅನ್ನುವ ಜಪಾನಿ ಒಡೆತನದ ಹಡಗು ಇಂಡೋನೇಷ್ಯಾದಿಂದ ಅಲ್ಯೂಮಿನಿಯಂ ಗಟ್ಟಿ ತುಂಬಿಕೊಂಡು ಹೊರಟು ನಾಪತ್ತೆಯಾಯಿತು. ಕಳ್ಳರು ಸಿಬ್ಬಂದಿಯನ್ನು ತೆಪ್ಪದಲ್ಲಿ ನಡುನೀರಿಗೆ ಬಿಟ್ಟು, ಹಡಗಿಗೆ ಬೇರೆ ಬಣ್ಣ ಬಳಿದು, ಬೇರೆ ಹೆಸರು ಬರೆದು ಓಡಿಸಿಕೊಂಡು ಬಂದರು. ಕೊನೆಗೆ ಅರಬ್ಬಿ ಸಮುದ್ರದಲ್ಲಿ ಹಿಡಿದದ್ದು ನಮ್ಮ ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ. ಆಮೇಲೆ ಜಪಾನ್ ಆಗ್ನೇಯ ಏಷ್ಯಾದ ಕಡಲಿಗೆ ಯುದ್ಧನೌಕೆ ಕಳಿಸಲಿಲ್ಲ, ಕಡಲ ಪೊಲೀಸರಂತಿರುವ ತನ್ನ ಕೋಸ್ಟ್ ಗಾರ್ಡನ್ನು ಮುಂದಿಟ್ಟಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೈನ್ಯದ ಆಳ್ವಿಕೆ ಕಂಡವರ ತೀರಕ್ಕೆ ಪೊಲೀಸ್ ದೋಣಿ ಹೋಗಬಹುದು, ಯುದ್ಧನೌಕೆ ಹೋಗುವುದು ಕಷ್ಟ ಅಲ್ವಾ? ಪ್ರಧಾನಿ ಕೊಯಿಜುಮಿ 2001ರಲ್ಲಿ ಮುಂದಿಟ್ಟ ಕಡಲ್ಗಳ್ಳತನ ತಡೆ ಒಪ್ಪಂದ 2006ರಲ್ಲಿ ಜಾರಿಗೆ ಬಂತು, ಅದರ ಮಾಹಿತಿ ಕೇಂದ್ರ ಸಿಂಗಾಪುರದಲ್ಲಿದೆ. ಅದೇ ವರ್ಷ ಇಂಡೋನೇಷ್ಯಾಕ್ಕೆ ಗಸ್ತು ದೋಣಿ ಕೊಡಲು ಆಯುಧ ರಫ್ತು ತಡೆಯುವ ಜಪಾನಿನ ನಿಯಮಕ್ಕೇ ವಿನಾಯಿತಿ ಬೇಕಾಯಿತು. ಗುಂಡು ತಡೆಯುವ ಕವಚ ಇದ್ದರೆ ದೋಣಿಯೂ ಆಯುಧದ ಲೆಕ್ಕಕ್ಕೆ ಬರುತ್ತಿತ್ತು!

ಚೀನಾದ ಭಯ ಸುಳ್ಳಲ್ಲ. 2027ಕ್ಕೆ ಜಿಡಿಪಿಯ ಶೇ. 2ರಷ್ಟು ರಕ್ಷಣೆಗೆ ಅಂತ 2022ರಲ್ಲಿ ತೀರ್ಮಾನಿಸಿದ್ದಕ್ಕೆ ಅದು ದೊಡ್ಡ ಕಾರಣ. ಆದರೆ ಮರುವರ್ಷ ಫಿಲಿಪೈನ್ಸ್‌ಗೆ ಕೊಡಲು ಒಪ್ಪಿದ್ದು ಕರಾವಳಿ ಕಾಯುವ ರೇಡಾರ್, ಆಯುಧ ಅಲ್ಲ. ಅದೇ ಯಾಕೆ ಅನ್ನುವುದಕ್ಕೆ ಬರೀ ಭಯದಿಂದ ಉತ್ತರ ಸಿಗಲ್ಲ. ಜಪಾನ್ ವಿದೇಶಾಂಗ ಸಚಿವಾಲಯದ ಹಳೆಯ ಡಿಪ್ಲೊಮ್ಯಾಟಿಕ್ ಬ್ಲೂಬುಕ್‌ಗಳು (ವಿದೇಶಾಂಗ ನೀತಿಯ ವಾರ್ಷಿಕ ವರದಿಗಳು) ಇಂಗ್ಲಿಷ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಎಪ್ಪತ್ತರ ದಶಕದಿಂದ ಓದಿಕೊಂಡು ಬನ್ನಿ, ಆಮೇಲೆ ಗೈಡ್ ಹತ್ತಿರ ಥಿಯರಿ ಮಾತಾಡಿ.