ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್) ಬೋರ್ಡಿಗೆ ವಿಡಿಯೋ ಡಿಎಸಿ (ಡಿಜಿಟಲ್ ಚಿತ್ರವನ್ನು ಅನಲಾಗ್ ಸಿಗ್ನಲ್ ಮಾಡುವ ಚಿಪ್) ಜೋಡಿಸಿದ್ದೇನೆ. ವಿಜಿಎ ಮಾನಿಟರ್‌ನಲ್ಲಿ ಬಿಳಿ ಬಣ್ಣ ಕಣ್ಣು ಕುಕ್ಕುತ್ತದೆ, ಅಕ್ಷರಗಳು ನಡುಗುತ್ತವೆ. ಸರ್ಕ್ಯೂಟ್‌ನಲ್ಲಿ ಏನೇನು ನೋಡಬೇಕು?

ಮೊದಲು 75 ಓಮ್ ರೆಸಿಸ್ಟರ್ ನೋಡಿ. ಎಡಿವಿ7123 ತರಹದ ಚಿಪ್ ಹೊರಗೆ ಕೊಡೋದು ವೋಲ್ಟೇಜ್ ಅಲ್ಲ, ಕರೆಂಟ್. ಡಿಎಸಿ ಪಕ್ಕದಲ್ಲಿ 75 ಓಮ್, ಮಾನಿಟರ್ ಒಳಗೆ ಇನ್ನೊಂದು 75 ಓಮ್. ಎರಡೂ ಪ್ಯಾರಲಲ್ ಆದಾಗ 37.5 ಓಮ್. ಅದರಲ್ಲಿ 18.67 ಮಿಲಿಆಂಪ್ ಹರಿದರೆ 0.7 ವೋಲ್ಟ್. ವಿಜಿಎಗೆ ಬೇಕಾದ್ದು ಅಷ್ಟೇ. ಡಿಎಸಿ ಕಡೆಯ ರೆಸಿಸ್ಟರ್ ಬಿಟ್ಟುಹೋದರೆ ನೇರವಾಗಿ 1.4 ವೋಲ್ಟ್ ಆಗುತ್ತದೆ, ಬಿಳಿ ಕುಕ್ಕದೇ ಇರುತ್ತಾ?

ನನ್ನ ಮೊದಲ ಬೋರ್ಡಿನಲ್ಲೂ ಹೀಗೇ ಆಗಿತ್ತು. ತಿಳಿ ಬೂದು ಪಟ್ಟಿಗಳೆಲ್ಲ ಬಿಳಿಯಲ್ಲಿ ಕಲಸಿಹೋಗಿದ್ದವು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ 1% ರೆಸಿಸ್ಟರ್ ಮೂರು ತಂದು, ಚಿಪ್‌ನ ಪಿನ್ ಪಕ್ಕದಲ್ಲೇ ಬೆಸುಗೆ ಹಾಕಿದೆ. ಪಟ್ಟಿಗಳು ಒಂದೊಂದಾಗಿ ಬೇರೆ ಬೇರೆ ಕಂಡವು. ಆ ಖುಷಿ ಇನ್ನೂ ನೆನಪಿದೆ.

ನಡುಕಕ್ಕೆ ಜಾಸ್ತಿ ಅನುಮಾನ ಪಡಬೇಕಾದ್ದು ಕ್ಲಾಕ್ ಮೇಲೆ. 1280×1024, 60 ಹರ್ಟ್ಸ್‌ನಲ್ಲಿ ಪಿಕ್ಸೆಲ್ ಕ್ಲಾಕ್ 108 ಮೆಗಾಹರ್ಟ್ಸ್, ಅಂದರೆ ಒಂದು ಪಿಕ್ಸೆಲ್‌ಗೆ ಸುಮಾರು 9 ನ್ಯಾನೋಸೆಕೆಂಡ್. ಕೌಂಟರ್‌ನಿಂದ ಸುಮ್ನೆ ಭಾಗಿಸಿ ತೆಗೆದ ಕ್ಲಾಕ್ ಬೇಡ, ಸ್ಥಿರವಾದ ಕ್ಲಾಕ್ ತಯಾರಿಸುವ ಭಾಗವಾದ ಪಿಎಲ್‌ಎಲ್‌ನಿಂದ ಕೊಡಿ.

ಅನಲಾಗ್ ಸಪ್ಲೈಗೆ ಫೆರೈಟ್ ಬೀಡ್ (ಸಪ್ಲೈಯ ನಾಯ್ಸ್ ತಡೆಯುವ ಬಿಡಿಭಾಗ) ಇರಲಿ, ಪ್ರತಿ ಪವರ್ ಪಿನ್‌ಗೆ ಒತ್ತಿಕೊಂಡಂತೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಈ ಚಿಪ್‌ನ ಕಾಂಪ್ (ಕಾಂಪೆನ್ಸೇಷನ್) ಪಿನ್ನಿನ ಕೆಪಾಸಿಟರ್ ಹೋಗಬೇಕಾದ್ದು ಅನಲಾಗ್ ಸಪ್ಲೈಗೆ, ಗ್ರೌಂಡಿಗಲ್ಲ. ಇಲ್ಲಿ ತುಂಬಾ ಜನ ಎಡವುತ್ತಾರೆ.