ನಿಬ್ಬಾಣ ಮತ್ತು ರಕ್ಷಣೆ ಒಂದೇ ಮೋಕ್ಷದ ಎರಡು ಹೆಸರುಗಳೇ?

ಬುದ್ಧ ಹೇಳಿದ ನಿರ್ವಾಣ (ಪಾಲಿಯಲ್ಲಿ ನಿಬ್ಬಾಣ), ಕ್ರೈಸ್ತರು ಹೇಳುವ ರಕ್ಷಣೆ, ಎರಡೂ ಕೊನೆಗೆ ಮೋಕ್ಷವೇ ತಾನೇ, ದಾರಿ ಮಾತ್ರ ಬೇರೆ ಅಲ್ಲವೇ ಎಂದು ಕೇಳಿದ್ದೀರಿ. ಅಲ್ಲ ಎಂಬುದೇ ನನ್ನ ಉತ್ತರ. ದಾರಿಯ ಮಾತು ಆಮೇಲೆ, ಇಲ್ಲಿ ರೋಗವೇ ಬೇರೆ. ಮೋಕ್ಷ ಎಂಬ ಪದ ನಮಗೆ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆಂದರೆ, ಯಾವುದರಿಂದ ಬಿಡುಗಡೆ, ಬಿಡಿಸಿದವರು ಯಾರು, ಬಿಟ್ಟ ಮೇಲೆ ಉಳಿಯುವುದೇನು ಎಂದು ಕೇಳುವುದನ್ನೇ ಮರೆಯುತ್ತೇವೆ. ಇಬ್ಬರು ಅಪರಾಧಿಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಈ ಮೂರೂ ತಿಳಿಯಾಗುತ್ತವೆ.

ಒಬ್ಬ ಅಂಗುಲಿಮಾಲ, ಕೊಂದವರ ಬೆರಳುಗಳನ್ನು ಮಾಲೆ ಮಾಡಿ ತೊಟ್ಟವನು. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಮಜ್ಝಿಮ ನಿಕಾಯದ 86ನೇ ಸುತ್ತ, ಅಂದರೆ ಉಪದೇಶ, ಅವನದು. (ಸಾವಿರ ಬೆರಳಿನ ಲೆಕ್ಕ ನಂತರದ ಅಟ್ಠಕಥೆಯದು, ಅಂದರೆ ವ್ಯಾಖ್ಯಾನದ್ದು, ಸುತ್ತದಲ್ಲಿ ಬೆರಳುಗಳ ಸಂಖ್ಯೆ ಇಲ್ಲ.) ಬುದ್ಧ ಆ ಕೊಲೆಗಾರನನ್ನು ಭಿಕ್ಷುವಾಗಿ ಸೇರಿಸಿಕೊಳ್ಳುತ್ತಾನೆ. ಆದರೆ ‘ನಿನ್ನ ಪಾಪವನ್ನು ಕ್ಷಮಿಸಿದ್ದೇನೆ’ ಎಂಬ ಮಾತು ಆ ಸುತ್ತದಲ್ಲಿ ಎಲ್ಲಿ ಹುಡುಕಿದರೂ ಸಿಗದು. ಅಂಗುಲಿಮಾಲ ಏಕಾಂತದಲ್ಲಿ ಸಾಧನೆ ಮಾಡಿ ಅರಹಂತನಾಗುತ್ತಾನೆ, ಅಂದರೆ ಪೂರ್ತಿ ಬಿಡುಗಡೆ ಪಡೆದವನಾಗುತ್ತಾನೆ. ಆದಮೇಲೂ ಒಂದು ದಿನ ಸಾವತ್ಥಿ (ಶ್ರಾವಸ್ತಿ) ನಗರದಲ್ಲಿ ಭಿಕ್ಷೆಗೆ ಹೋದಾಗ ಯಾರೋ ಎಸೆದ ಮಣ್ಣಹೆಂಟೆ, ದೊಣ್ಣೆ, ಕಲ್ಲು ಅವನ ಮೈಮೇಲೆ ಬೀಳುತ್ತವೆ. ತಲೆಯಿಂದ ರಕ್ತ ಸುರಿಯುತ್ತಿದೆ, ಭಿಕ್ಷಾಪಾತ್ರೆ ಒಡೆದಿದೆ, ಚೀವರ ಹರಿದಿದೆ. ಹಾಗೆಯೇ ಮರಳಿದವನಿಗೆ ಬುದ್ಧ ಹೇಳುವುದು ಇಷ್ಟೇ: ಸಹಿಸಿಕೋ, ನರಕದಲ್ಲಿ ಬಹುಕಾಲ ಉಣ್ಣಬೇಕಿದ್ದ ಫಲವನ್ನು ಇಲ್ಲಿಯೇ ಉಣ್ಣುತ್ತಿದ್ದೀಯೆ.

ಇನ್ನೊಬ್ಬ, ಲೂಕನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಯೇಸುವಿನ ಪಕ್ಕದ ಶಿಲುಬೆಗೆ ಬಿಗಿಸಿಕೊಂಡ ಕಳ್ಳ. ಅವನಿಗೆ ಧ್ಯಾನಕ್ಕೆ ಹೊತ್ತಿಲ್ಲ, ಪರಿಹಾರ ಕಟ್ಟಿಕೊಡಲು ಕೈ ಬಿಡುವಿಲ್ಲ, ದೀಕ್ಷಾಸ್ನಾನವೂ ಆಗಿಲ್ಲ. ನಮಗಾಗುತ್ತಿರುವ ಶಿಕ್ಷೆ ನ್ಯಾಯವಾದದ್ದೇ ಎಂದು ಒಪ್ಪುತ್ತಾನೆ, ನಿನ್ನ ರಾಜ್ಯದಲ್ಲಿ ನನ್ನನ್ನು ನೆನೆಸಿಕೋ ಎಂದು ಬೇಡುತ್ತಾನೆ. ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿ (ಸ್ವರ್ಗದಲ್ಲಿ) ಇರುವೆ ಎಂಬ ಉತ್ತರ ಬರುತ್ತದೆ.

ದೇಹಕ್ಕೆ ಬಂದ ಪೆಟ್ಟು ಇಬ್ಬರಿಗೂ ತಪ್ಪಲಿಲ್ಲ. ಕಳ್ಳನೂ ಶಿಲುಬೆಯಿಂದ ಇಳಿಯಲಿಲ್ಲ. ಕಳೆದದ್ದು ಬೇರೆಬೇರೆ. ಅಂಗುಲಿಮಾಲನಲ್ಲಿ ಕಳೆದದ್ದು ಮುಂದಿನ ಹುಟ್ಟನ್ನು ಕಟ್ಟುವ ತಣ್ಹಾ, ಅಂದರೆ ತೃಷ್ಣೆ. ಮುಂದೆ ಹುಟ್ಟೇ ಇಲ್ಲವಾದ್ದರಿಂದ ಮುಂದಿನ ಜನ್ಮಗಳಲ್ಲಿ ಫಲಿಸಬೇಕಿದ್ದ ಕರ್ಮಕ್ಕೆ ನೆಲೆ ತಪ್ಪಿತು, ಈ ಜನ್ಮದಲ್ಲಿ ಫಲಿಸುವುದು ಮಾತ್ರ ಉಳಿಯಿತು ಎಂದು ಅಟ್ಠಕಥೆ ವಿವರಿಸುತ್ತದೆ. ನಾವು ಪ್ರಾರಬ್ಧ ಎನ್ನುತ್ತೇವಲ್ಲ, ಅದಕ್ಕೆ ಹತ್ತಿರದ ಲೆಕ್ಕ. ಇಲ್ಲಿ ಕ್ಷಮಿಸುವ ಅಧಿಕಾರಿಯೇ ಇಲ್ಲ, ಏಕೆಂದರೆ ತಪ್ಪು ಯಾರ ವಿರುದ್ಧವೂ ದಾಖಲಾದ ಮೊಕದ್ದಮೆಯಲ್ಲ. ಕಳ್ಳನ ವಿಷಯದಲ್ಲಿ ಮುರಿದದ್ದು ದೇವರೊಂದಿಗಿನ ಸಂಬಂಧ. ಮುರಿದ ಸಂಬಂಧವನ್ನು ಒಂದು ಕಡೆಯವನು ಎಷ್ಟು ಸಾಧನೆ ಮಾಡಿದರೂ ತಾನಾಗಿ ಕೂಡಿಸಲಾರ. ಇನ್ನೊಬ್ಬರು ‘ಬಾ’ ಅನ್ನಲೇಬೇಕು. ಕೃಪೆ ಎಂದರೆ ಆ ‘ಬಾ’.

ಬೌದ್ಧರಲ್ಲಿ, ಮುಖ್ಯವಾಗಿ ಪಾಲಿ ಗ್ರಂಥಗಳನ್ನು ಪ್ರಮಾಣವಾಗಿಸಿಕೊಂಡ ಥೇರವಾದದಲ್ಲಿ, ಬಿಡುಗಡೆಯನ್ನು ಅಳೆಯುವುದು ಹತ್ತು ಸಂಯೋಜನಗಳಿಂದ, ಅಂದರೆ ಕಟ್ಟುಗಳಿಂದ. ‘ಇದು ನಾನು’ ಎಂಬ ದೃಷ್ಟಿ, ಸಂಶಯ, ವ್ರತಾಚರಣೆಯಿಂದಲೇ ಶುದ್ಧಿ ಎಂಬ ಅಂಟು, ಈ ಮೂರು ಕಡಿದರೆ ಸೋತಾಪನ್ನ (ಪ್ರವಾಹಕ್ಕೆ ಸೇರಿದವನು). ಅವನಿಗೆ ಹೆಚ್ಚೆಂದರೆ ಏಳು ಹುಟ್ಟು ಬಾಕಿ. ಕಾಮರಾಗ ಮತ್ತು ದ್ವೇಷ ಸಡಿಲವಾದರೆ ಸಕದಾಗಾಮಿ (ಒಮ್ಮೆ ಮಾತ್ರ ಮರಳುವವನು), ಪೂರ್ತಿ ಹೋದರೆ ಅನಾಗಾಮಿ (ಮರಳದವನು). ರೂಪಲೋಕದ ಆಸೆ, ಅರೂಪಲೋಕದ ಆಸೆ, ಮಾನ, ಚಂಚಲತೆ, ಅವಿದ್ಯೆ, ಈ ಐದೂ ಹೋದವನು ಅರಹಂತ. ನಾನು ಒಳ್ಳೆಯವನೆಂಬ ಅಹಂಕಾರ, ಸೂಕ್ಷ್ಮ ಸಮಾಧಿಯ ಸುಖದ ಆಸೆ ಕೂಡ ಇಲ್ಲಿ ಕಟ್ಟುಗಳೇ ಎಂಬುದನ್ನು ಗಮನಿಸಿ. ‘ಆಸೆಯೇ ದುಃಖಕ್ಕೆ ಮೂಲ’ ಎಂದು ಶಾಲೆಯಲ್ಲಿ ಕಲಿತ ಸಾಲು ಇಲ್ಲಿ ದಾರಿ ತಪ್ಪಿಸುತ್ತದೆ. ಸಾಧನೆ ಮಾಡಬೇಕೆಂಬ ಇಚ್ಛೆಗೆ ಪಾಲಿಯಲ್ಲಿ ಛಂದ ಎಂಬ ಬೇರೆ ಪದವಿದೆ, ಅದು ಬೇಕೇಬೇಕು. ಬಿಡಬೇಕಾದದ್ದು ತಣ್ಹಾ. ಅದರಲ್ಲಿ ಸುಖದ ದಾಹ, ಇರಬೇಕೆಂಬ ದಾಹ, ಇಲ್ಲವಾಗಬೇಕೆಂಬ ದಾಹ ಮೂರೂ ಸೇರಿವೆ. ಮೂರನೆಯದನ್ನು ಮರೆತವರೇ ನಿಬ್ಬಾಣವನ್ನು ಆತ್ಮನಾಶ ಎಂದುಕೊಳ್ಳುವುದು.

ಕ್ರೈಸ್ತರಲ್ಲಿ ಇಂಥ ಮೆಟ್ಟಿಲುಗಳ ಪಟ್ಟಿ ಮುಖ್ಯವಲ್ಲ, ಕಾಲ ಮುಖ್ಯ. ಪೌಲನ ಪತ್ರಗಳಲ್ಲಿ ರಕ್ಷಣೆ ಆಗಿದೆ, ಆಗುತ್ತಿದೆ, ಆಗಲಿದೆ ಎಂದು ಮೂರೂ ಕಾಲಗಳಲ್ಲಿ ಬರುತ್ತದೆ (ಎಫೆಸ 2:8, 1 ಕೊರಿಂಥ 1:18, ರೋಮಾ 5:9). ಒಂದನ್ನೇ ಹಿಡಿದು ‘ನಂಬಿದರೆ ಮುಗಿಯಿತು, ಹೇಗೆ ಬದುಕಿದರೂ ನಡೆಯುತ್ತದೆ’ ಎನ್ನುವುದು ಹೊರಗಿನವರು ಸಾಮಾನ್ಯವಾಗಿ ಮಾಡುವ ತಪ್ಪು. 16ನೇ ಶತಮಾನದ ಸುಧಾರಕ ಲೂಥರ್ ನಂಬಿಕೆಯೊಂದರಿಂದಲೇ ದೇವರ ಮುಂದೆ ನೀತಿವಂತರಾಗುತ್ತೇವೆ ಎಂದ. ಕ್ಯಾಥೊಲಿಕರ ಟ್ರೆಂಟ್ ಸಭೆ 1547ರಲ್ಲಿ ಅದನ್ನು ತಿರಸ್ಕರಿಸಿತು, ಕೃಪೆಯೊಂದಿಗೆ ಮನುಷ್ಯನ ಸಹಕಾರವೂ ಬೇಕು ಎಂದಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರು ಮತ್ತು ಕ್ಯಾಥೊಲಿಕರು ಈ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು. ಆದರೆ ಕೃಪೆಯೇ ಮೊದಲು ಎಂಬುದರಲ್ಲಿ ಎರಡೂ ಕಡೆಯವರಿಗೆ ಜಗಳ ಇರಲೇ ಇಲ್ಲ. ಮನುಷ್ಯ ತನ್ನ ಬಲದಿಂದಲೇ ಪಾಪರಹಿತನಾಗಬಲ್ಲ ಎಂಬ ಪೆಲೇಜಿಯಸ್‌ನ ಪಂಥವನ್ನು ಕಾರ್ಥೇಜ್ ಸಭೆ 418ರಲ್ಲೇ ಖಂಡಿಸಿತ್ತು. ‘ತನಗೆ ತಾನೇ ನಾಥ’ ಎನ್ನುವ ಧಮ್ಮಪದದ 160ನೇ ಗಾಥೆಯನ್ನು ಆ ಸಭೆಯ ಮುಂದೆ ಓದಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು.

ಕೊನೆಗೆ ಉಳಿಯುವುದೇನು? ಬಿಡುಗಡೆ ಹೊಂದಿದವನು ಸತ್ತ ಮೇಲೆ ಎಲ್ಲಿ ಹುಟ್ಟುತ್ತಾನೆ ಎಂದು ವಚ್ಛಗೊತ್ತ ಎಂಬ ಪರಿವ್ರಾಜಕ ಕೇಳಿದಾಗ ಬುದ್ಧ ಮರುಪ್ರಶ್ನೆ ಹಾಕುತ್ತಾನೆ: ಆರಿದ ಬೆಂಕಿ ಯಾವ ದಿಕ್ಕಿಗೆ ಹೋಯಿತು, ಮೂಡಣಕ್ಕೋ ಪಡುವಣಕ್ಕೋ? ಕಟ್ಟಿಗೆ ಮುಗಿದು ಆರಿತು ಅನ್ನಬಹುದೇ ಹೊರತು ದಿಕ್ಕಿನ ಪ್ರಶ್ನೆಯೇ ಹೊಂದುವುದಿಲ್ಲ. ಅಂಥವನು ಇದ್ದಾನೆ ಎಂದೂ ಇಲ್ಲ ಎಂದೂ ಬುದ್ಧ ಹೇಳಲಿಲ್ಲ. ಕ್ರೈಸ್ತ ವಿಶ್ವಾಸಪ್ರಮಾಣವಾದರೋ ಸತ್ತವರ ಪುನರುತ್ಥಾನವನ್ನೂ ಬರಲಿರುವ ಲೋಕದ ಜೀವವನ್ನೂ ಎದುರುನೋಡುತ್ತೇವೆ ಎಂದು ಮುಗಿಯುತ್ತದೆ. ಅದೇ ವ್ಯಕ್ತಿ, ಹೆಸರು ಹಿಡಿದು ಕರೆಯಬಹುದಾದವನು, ರೂಪಾಂತರಗೊಂಡ ದೇಹದೊಂದಿಗೆ. ‘ಆತ್ಮ ಸ್ವರ್ಗಕ್ಕೆ ಹಾರಿಹೋಯಿತು’ ಎಂಬುದು ಅರ್ಧ ಮಾತ್ರ.

ಎರಡೂ ತೀರಾ ಹತ್ತಿರ ಬರುವ ಜಾಗವೊಂದಿದೆ. ಬೈಲಕುಪ್ಪೆಯ ಚಿನ್ನದ ದೇವಸ್ಥಾನದಲ್ಲಿ ಮೂರು ಬೃಹತ್ ಮೂರ್ತಿಗಳನ್ನು ನೋಡಿರಬಹುದು. ಶಾಕ್ಯಮುನಿ ಮತ್ತು ಪದ್ಮಸಂಭವರ ಜೊತೆಗಿರುವ ಮೂರನೆಯವನು ಅಮಿತಾಯು. ಅವನೇ ಜಪಾನಿನ ಅಮಿದ. ಅಲ್ಲಿ ಶಿನ್ರಾನ್ (1173–1263) ಎಂಬ ಗುರು, ಸ್ವಂತ ಸಾಧನೆಯನ್ನು ನೆಚ್ಚದೆ, ಅಮಿದ ಬುದ್ಧನ 48 ಪ್ರತಿಜ್ಞೆಗಳಲ್ಲಿ 18ನೆಯದನ್ನು, ಅಂದರೆ ತನ್ನನ್ನು ನಂಬಿ ನೆನೆದವರು ತನ್ನ ಲೋಕವಾದ ಶುದ್ಧಭೂಮಿಯಲ್ಲಿ ಹುಟ್ಟುವರೆಂಬುದನ್ನು, ನಂಬಬೇಕು ಎಂದು ಬೋಧಿಸಿದ. ಒಳ್ಳೆಯವನು ಕೂಡ ಶುದ್ಧಭೂಮಿಯಲ್ಲಿ ಹುಟ್ಟುವನಾದರೆ ಕೆಟ್ಟವನು ಹುಟ್ಟುವುದರಲ್ಲಿ ಸಂದೇಹವೇನು ಎಂಬುದು ಅವನ ಮಾತು. 16ನೇ ಶತಮಾನದಲ್ಲಿ ಅಲ್ಲಿಗೆ ಹೋದ ಜೆಸ್ಯೂಟ್ ಪಾದ್ರಿಗಳು ಇದನ್ನು ಕಂಡು ಲೂಥರನ ಬೋಧನೆ ಇಲ್ಲಿಗೂ ಬಂದಿದೆಯಲ್ಲ ಎಂದುಕೊಂಡರು. ಅವರು ಕಂಡದ್ದು ನಿಜ, ಪೂರ್ತಿ ನಿಜವಲ್ಲ. ಅಮಿದ ಸೃಷ್ಟಿಕರ್ತನಲ್ಲ, ನ್ಯಾಯಾಧೀಶನಲ್ಲ, ಯಾರ ಬದಲಿಗೂ ಸತ್ತವನಲ್ಲ. ಶುದ್ಧಭೂಮಿಯಲ್ಲಿ ಹುಟ್ಟುವುದೆಂದರೆ ಬೋಧಿ ಪಡೆಯುವುದು. ಪಡೆದವನು ಅಲ್ಲೇ ನಿಲ್ಲುವುದಿಲ್ಲ, ಉಳಿದವರನ್ನು ಬಿಡಿಸಲು ಇದೇ ಲೋಕಕ್ಕೆ ಮರಳುತ್ತಾನೆ.