ಜರ್ಮನ್ ಬಹುವಚನ: ಮೊದಲು ನಿಯಮ ಕಲಿಯಬೇಕಾ, ಪದ ಕಲಿಯಬೇಕಾ?

ಎರಡೂ ಅಲ್ಲ. ಮೊದಲು ಲಿಂಗ.

ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿಬಿಡಲಾ ಅಂತ ಕೇಳಿದ್ದೀರಿ. ನಾನು ಅದನ್ನೇ ಮಾಡಿದ್ದೆ. ಗೋಡೆ ಮೇಲೆ ದೊಡ್ಡ ಪಟ್ಟಿ. ಪದ ಕಲಿಯುವಾಗ ಮಾತ್ರ ಅದರ ಮುಂದೆ ಬಂದು ಲಿಂಗ ತೋರಿಸುವ ಡೆರ್ (ಪುಲ್ಲಿಂಗ), ಡೀ (ಸ್ತ್ರೀಲಿಂಗ), ಡಾಸ್ (ನಪುಂಸಕ) ಕೈಬಿಟ್ಟಿದ್ದೆ. ಬಹುವಚನದಲ್ಲಿ ಎಲ್ಲಕ್ಕೂ ಡೀ ತಾನೇ, ಲಿಂಗ ಕಟ್ಟಿಕೊಂಡು ಏನಾಗಬೇಕು ಅನ್ನೋದು ನನ್ನ ಲೆಕ್ಕ. ಬಿ1 ಅನ್ನೋ ಮಧ್ಯಮ ಹಂತದ ಜರ್ಮನ್ ಪರೀಕ್ಷೆಯ ಬರವಣಿಗೆಯಲ್ಲಿ 100ಕ್ಕೆ 60 ಬೇಕಿತ್ತು. ಬರಲಿಲ್ಲ. ಮತ್ತೆ ದುಡ್ಡು ಕಟ್ಟಿ ಬರೆದೆ.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಊಟದ ಮೇಜನ್ನೇ ನೋಡಿ. ಚಮಚ ಡೆರ್ ಲ್ಯೊಫೆಲ್, ಫೋರ್ಕ್ ಡೀ ಗಾಬೆಲ್. ಎರಡೂ ಮುಗಿಯುವುದು 'ಎಲ್' ಅಂತಲೇ. ಆದರೆ ಮೂರು ಚಮಚಕ್ಕೆ ಡ್ರೈ ಲ್ಯೊಫೆಲ್, ಪದ ಅಲ್ಲಾಡುವುದಿಲ್ಲ. ಮೂರು ಫೋರ್ಕಿಗೆ ಡ್ರೈ ಗಾಬೆಲ್ನ್. 'ಎಲ್', 'ಎರ್' ಕೊನೆಯಲ್ಲಿರುವ ಪುಲ್ಲಿಂಗ, ನಪುಂಸಕ ಪದಗಳಿಗೆ ಸಾಮಾನ್ಯವಾಗಿ ಏನೂ ಸೇರುವುದಿಲ್ಲ. ಸ್ತ್ರೀಲಿಂಗಕ್ಕೆ ಬಹುಪಾಲು 'ನ್' ಸೇರುತ್ತದೆ. ಚಾಕು, ಅಂದರೆ ಡಾಸ್ ಮೆಸ್ಸರ್, ಎಷ್ಟಿದ್ದರೂ ಮೆಸ್ಸರ್. ಅಕ್ಕತಂಗಿಯರು ಮಾತ್ರ ಶ್ವೆಸ್ಟರ್ನ್. ಲಿಂಗ ಗೊತ್ತಿಲ್ಲದವನಿಗೆ ಇದೆಲ್ಲ ಬರೀ ಲಾಟರಿ. ನನ್ನ ಪಟ್ಟಿ ಗೋಡೆ ಮೇಲಿತ್ತು, ಆದರೆ ಯಾವ ಪದ ಯಾವ ಸಾಲಿಗೆ ಅಂತ ಹೇಳುವ ಮಾಹಿತಿಯನ್ನೇ ನಾನು ಕಲಿತಿರಲಿಲ್ಲ!

ನಮಗೆ ಇನ್ನೊಂದು ತೊಡಕೂ ಇದೆ. 'ಮೂರು ಚಮಚ ಕೊಡಿ' ಅಂತೀವಿ, ಚಮಚಗಳು ಅನ್ನಲ್ಲ. ಮೂರು ಅಂದಮೇಲೆ ಗೊತ್ತಾಯ್ತಲ್ವಾ? ಅದೇ ಅಭ್ಯಾಸದಲ್ಲಿ ಡ್ರೈ ಗಾಬೆಲ್ ಅಂತ ಬರೆದುಬಿಡುತ್ತಿದ್ದೆ.

ಆ ಪಟ್ಟಿ ಕಿತ್ತು ಬಿಸಾಡಿ. ಹೊಸ ಪದ ಸಿಕ್ಕಾಗ ಒಂದೇ ಉಸಿರಿಗೆ ಜೋರಾಗಿ ಹೇಳಿ: ಡೀ ಗಾಬೆಲ್, ಗಾಬೆಲ್ನ್. ಡಾಸ್ ಹೌಸ್, ಹೊಯ್ಸರ್. ಡಾಸ್ ಔಟೊ, ಔಟೋಸ್. ಸುಮ್ನೆ ಮನಸ್ಸಲ್ಲಿ ಓದಿಕೊಂಡರೆ ನಿಲ್ಲಲ್ಲ. ನಿಯಮ ಬೇಕೇ ಬೇಕು ಅಂದರೆ ಒಂದು ಇಟ್ಟುಕೊಳ್ಳಿ: 'ಹೈಟ್', 'ಕೈಟ್' ಪ್ರತ್ಯಯ ಇದ್ದರೆ ಸ್ತ್ರೀಲಿಂಗ, ಬಹುವಚನಕ್ಕೆ 'ಎನ್'. 'ಉಂಗ್' ಕೂಡ ಬಹುಪಾಲು ಹೀಗೇ. ಬಾಡಿಗೆ ಮನೆ ಹುಡುಕುವಾಗ ವೋನುಂಗ್, ವೋನುಂಗೆನ್ ತಾನಾಗಿಯೇ ಬಾಯಿಗೆ ಬರುತ್ತದೆ.

ನಿಮ್ಮದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಂತ ಬರೆದಿದ್ದೀರಿ, ಅದಕ್ಕೆ ಇದೊಂದು. ಡೀ ಮುಟ್ಟರ್ ಅಂದರೆ ಅಮ್ಮನೂ ಹೌದು, ಬೋಲ್ಟಿಗೆ ಹಾಕುವ ನಟ್ಟೂ ಹೌದು. ಅಮ್ಮಂದಿರು ಮ್ಯುಟ್ಟರ್, ನಟ್ಟುಗಳು ಮುಟ್ಟರ್ನ್. ವರ್ಕ್‌ಶಾಪಿನಲ್ಲಿ ಎರಡನೆಯದನ್ನೇ ಕೇಳಿ.